ಬಿಚ್ಚಿ ನೋಡಿ ಅಂದೆ

ಬೆಳಗಿನ ಓಟ ಗೆದ್ದು ಇನ್ನೂ ಕಾರಿನ ಬಾನೆಟ್ ಆರಿರಲಿಲ್ಲ, ಅಷ್ಟರಲ್ಲೇ ನನ್ನನ್ನು ಕಳ್ಳ ಅಂದರು.

ಅಂದವರು ಹಲ್ಲು ಡಾಕ್ಟರು. ವಾರದ ಐದು ದಿನ ಜನರ ಹಲ್ಲು ಕೀಳುತ್ತಾರೆ, ಶನಿವಾರ ಅಭ್ಯಾಸ ಮಾಡುತ್ತಾರೆ, ಭಾನುವಾರ ಓಡಿಸುತ್ತಾರೆ. ಆಳು ದೊಡ್ಡವರು, ತೊಂಬತ್ತೈದು ಕಿಲೋಗೆ ಕಡಿಮೆಯಿಲ್ಲ. ನಮ್ಮ ಕಾರು ಓಡಿಸುವ ನನ್ನ ಅಕ್ಕನ ಹಿಂದೆ ಎರಡನೆಯವರಾಗಿ ಬಂದಿದ್ದರು. ಹೆಲ್ಮೆಟ್ಟು ತೆಗೆದವರೇ ನೇರ ತಪಾಸಣೆ ಶೆಡ್ಡಿಗೆ ನಡೆದು, ಅಲ್ಲಿದ್ದವರೆಲ್ಲ ಕೇಳುವ ಹಾಗೆ ಹೇಳಿದರು.

"ಆ ಹನ್ನೊಂದನೇ ನಂಬರು ಕಾರಿನ ಎಂಜಿನ್ನಲ್ಲಿ ಏನೋ ಇದೆ. ಆರನೇ ಜಾಗದಿಂದ ಹೊರಟು ನಾಲ್ಕೇ ಸುತ್ತಲ್ಲಿ ಮುಂದೆ ಬರೋಕೆ ಅದೇನು ಹಕ್ಕಿನಾ? ಮೆಕ್ಯಾನಿಕ್ ಯಾರು, ಓದಿದ್ದೆಷ್ಟು, ಕೇಳಿ ನೋಡಿ."

ನಾನು ಓದಿದ್ದು ಎಂಟನೇ ಕ್ಲಾಸು. ಶಾಲೆಯನ್ನು ನಾನು ಬಿಟ್ಟೆನೋ, ಅದೇ ನನ್ನನ್ನು ಬಿಟ್ಟಿತೋ, ಆ ಚರ್ಚೆ ಈಗ ಬೇಡ. ಒಂಬತ್ತು ವರ್ಷದಿಂದ ಟೈರ್ ಅಂಗಡಿಯಲ್ಲಿ ಕೆಲಸ. ಚಕ್ರ ಮುಟ್ಟಿದರೆ ಅದರ ಜ್ವರ ಎಷ್ಟು ಅಂತ ಹೇಳಬಲ್ಲೆ. ಅಕ್ಕ ವಾರವಿಡೀ ಬೇಕರಿಯ ವ್ಯಾನು ಓಡಿಸುತ್ತಾಳೆ. ಬೆಳಗಿನ ನಾಲ್ಕಕ್ಕೆ ಎದ್ದು ಅರುವತ್ತು ಅಂಗಡಿಗೆ ಬ್ರೆಡ್ಡು ಇಳಿಸುವವಳಿಗೆ ತಿರುವುಗಳು ಬಾಯಿಪಾಠ.

ನಮ್ಮ ಸರಣಿಯಲ್ಲಿ ಇಪ್ಪತ್ತೆರಡು ಕಾರು. ಎಲ್ಲ ಒಂದೇ ಕಂಪನಿಯವು. ಸಂತೆಗೆ ಹೋಗಿ ತರಕಾರಿ ತರುವಂಥ ಪುಟ್ಟ ಕಾರುಗಳು, ಒಳಗಿನ ಸೀಟೆಲ್ಲ ಕಿತ್ತು ಒಂದನ್ನು ಉಳಿಸಿ ಕಬ್ಬಿಣದ ಪಂಜರ ಕೂರಿಸಿದ್ದಾರೆ. ಅದೇ ಎಂಜಿನ್, ಅದೇ ಟೈರು, ಅದೇ ಪೆಟ್ರೋಲು. ಎಂಜಿನ್ನಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿರುತ್ತಾರೆ, ಒಳಗೆ ಯಾರೂ ಕೈ ಹಾಕುವ ಹಾಗಿಲ್ಲ. ಹಗುರ ಇರುವ ಚಾಲಕರ ಪಕ್ಕಕ್ಕೆ ಸೀಸದ ಬಿಲ್ಲೆ ಬಿಗಿದು ತೂಕವನ್ನೂ ಸಮ ಮಾಡುತ್ತಾರೆ. ಮೆಕ್ಯಾನಿಕ್ಕಿನ ಕೈಗೆ ಉಳಿಯುವುದು ಟೈರಿನ ಗಾಳಿ, ಚಕ್ರದ ನೇರ, ಅಷ್ಟೇ. ಅಷ್ಟರಲ್ಲೇ ಏನು ಮಾಡುತ್ತೀಯೋ ಮಾಡು ಅಂತ. ನನಗೆ ಈ ಸರಣಿ ಇಷ್ಟವಾಗಿದ್ದೇ ಅದಕ್ಕೆ. ದುಡ್ಡಿದ್ದವನಿಗೂ ನನಗೂ ಸಿಗುವುದು ಒಂದೇ ಕಾರು.

ನನಗೆ ಕೋಪ ಬಂದಾಗ ಮೊದಲು ಕಿವಿ ಬಿಸಿಯಾಗುತ್ತದೆ. ಶೆಡ್ಡಿನೊಳಕ್ಕೆ ನುಗ್ಗಿದೆ.

"ಯಾರನ್ನ ಕಳ್ಳ ಅಂದ್ರಿ?"

"ನಾನು ಕಾರಿನ ಬಗ್ಗೆ ಮಾತಾಡ್ತಿದ್ದೀನಪ್ಪ," ಅಂದರು ಡಾಕ್ಟರು.

"ಕಾರಿಗೆ ಕಳ್ಳತನ ಗೊತ್ತಿಲ್ಲ ಡಾಕ್ಟ್ರೇ. ಅದನ್ನ ಕಲಿಸೋರು ಬೇಕು. ಅಂದ್ಮೇಲೆ ನನ್ನನ್ನೇ ಅಂದಿದ್ದು."

ನಡುವೆ ಬಂದವರು ತಕ್ಕಡಿ. ತಪಾಸಣೆಯ ಮುಖ್ಯಸ್ಥರು. ಎಲ್ಲ ಕಾರುಗಳನ್ನೂ ತೂಗುವುದು ಅವರ ಕೆಲಸವಾದ್ದರಿಂದ ಆ ಹೆಸರು, ಮಾತನ್ನೂ ತೂಗಿಯೇ ಆಡುತ್ತಾರೆ. "ದೂರು ಬರವಣಿಗೇಲಿ ಕೊಡ್ತೀರಾ ಡಾಕ್ಟ್ರೇ?"

ಡಾಕ್ಟರು ಅಲ್ಲೇ ಬರೆದುಕೊಟ್ಟರು.

ನಮ್ಮ ಸರಣಿಯಲ್ಲಿ ಇದಕ್ಕೊಂದು ಕಟ್ಟಳೆ ಇದೆ. ಬದಲಿ ಅನ್ನುತ್ತಾರೆ. ನಿನ್ನ ಕಾರಿನಲ್ಲಿ ಏನೋ ಇದೆ ಅಂತ ಯಾರಾದರೂ ದೂರಿದರೆ, ಮುಂದಿನ ಓಟಕ್ಕೆ ನಿನ್ನ ಕಾರು ಅವನಿಗೆ, ಅವನ ಕಾರು ನಿನಗೆ. ಅದಾದ ಮೇಲೂ ಅನುಮಾನ ಹೋಗದಿದ್ದರೆ ಎಂಜಿನ್ ಬಿಚ್ಚುತ್ತಾರೆ. ಒಳಗೆ ತಪ್ಪು ಸಿಕ್ಕರೆ ಆ ಕಾರು ಅವತ್ತು ಓಡಿದ ಎಲ್ಲ ಓಟವೂ ರದ್ದು, ಮೆಕ್ಯಾನಿಕ್ಕಿಗೆ ಈ ಟ್ರ್ಯಾಕಿನ ಗೇಟು ಜನ್ಮಕ್ಕೆ ಬಂದ್.

ಅದು ವರ್ಷದ ಕೊನೆಯ ದಿನ. ಉಳಿದಿದ್ದು ಮಧ್ಯಾಹ್ನದ ಒಂದೇ ಓಟ. ಬೆಳಗ್ಗೆ ಬರುವಾಗ ಅಕ್ಕ ಡಾಕ್ಟರಿಗಿಂತ ಮೂರು ಅಂಕ ಮುಂದಿದ್ದಳು, ಈಗ ಆರು. ಬೆಳಗಿನ ಗೆಲುವು ಉಳಿದರೆ ಮಧ್ಯಾಹ್ನ ಎರಡನೆಯವಳಾಗಿ ಬಂದರೂ ವರ್ಷದ ಪಟ್ಟ ಅವಳದೇ. ಗೆಲುವು ಹೋದರೆ ಪಟ್ಟ ಅನುಮಾನ, ಕಳ್ಳ ಅನ್ನುವ ಹೆಸರು ನನ್ನದು.

"ಕಾರು ಮುಟ್ಟೋಕೆ ಐವತ್ತು ನಿಮಿಷ ಇದೆ," ಅಂದರು ತಕ್ಕಡಿ. "ಕೀಲಿ, ಸೀಸದ ಬಿಲ್ಲೆ ಎರಡೂ ಬದಲಾಯಿಸ್ಕೊಳ್ಳಿ."

ಅವರ ಕಾರು ನಮ್ಮ ಜಾಗಕ್ಕೆ ಬಂತು. ಒಳಗೆ ಆಸ್ಪತ್ರೆಯ ವಾಸನೆ. ಅದನ್ನು ನೋಡಿಕೊಳ್ಳುವವನನ್ನು ಎಲ್ಲರೂ ಡಿಪ್ಲೊಮಾ ಅಂತಲೇ ಕರೆಯುತ್ತಾರೆ, ಅವನೂ ಹಾಗೇ ಪರಿಚಯ ಮಾಡಿಕೊಳ್ಳುತ್ತಾನೆ. ಚಕ್ರದ ನೇರವನ್ನು ಅವನು ಪೇಟೆಯ ದೊಡ್ಡ ಯಂತ್ರದ ಮೇಲೆ ಹತ್ತಿಸಿ ನೋಡುತ್ತಾನೆ, ಪರದೆಯ ಮೇಲೆ ಹಸಿರು ಗೆರೆ ಬಂದರೆ ಕೆಲಸ ಮುಗಿಯಿತು.

ನನ್ನ ಹತ್ತಿರ ಇರುವುದು ನೈಲಾನ್ ದಾರ, ನಾಲ್ಕು ಕಬ್ಬಿಣದ ಗೂಟ, ಒಂದು ಸ್ಟೀಲ್ ಸ್ಕೇಲು. ಕಾರಿನ ಎರಡೂ ಬದಿಗೆ ದಾರ ಎಳೆದು ಕಟ್ಟಿ, ದಾರದಿಂದ ಚಕ್ರದ ಅಂಚಿಗೆ ಎಷ್ಟು ದೂರ ಅಂತ ಮುಂದೆ ಹಿಂದೆ ಅಳೆಯುತ್ತೇನೆ. ಜನ ನೋಡಿ ನಗುತ್ತಾರೆ. ನಗಲಿ.

"ಅಮ್ಮಾ, ಹತ್ತು," ಅಂದೆ.

ಅಮ್ಮ ಮೂಲೆಯಲ್ಲಿ ಡಬ್ಬಿಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. "ಈಗ್ತಾನೆ ಇಳಿದಿದ್ದೆ ಕಣೋ."

"ಅದು ನಮ್ಮ ಕಾರು. ಇದು ಇವರದು."

"ನನ್ನ ಜನ್ಮ ಎಲ್ಲ ಕಾರಲ್ಲಿ ಕೂರೋದೇ ಆಯ್ತು, ಒಂದಿನ ಒಂದು ಮಾರು ದೂರ ಕರ್ಕೊಂಡು ಹೋಗಿಲ್ಲ ನೀವು," ಅಂತ ಗೊಣಗುತ್ತಾ ಹೆಲ್ಮೆಟ್ಟು ಹಾಕಿಕೊಂಡು ಪಂಜರದೊಳಕ್ಕೆ ತೂರಿದಳು.

ನನ್ನ ಕೆಲಸದ ಗುಟ್ಟು ಅಷ್ಟೇ. ಖಾಲಿ ಕಾರು ಬೇರೆ, ಆಳು ಕೂತ ಕಾರು ಬೇರೆ. ಸೀಸದ ಬಿಲ್ಲೆ ಒಟ್ಟು ತೂಕ ಸಮ ಮಾಡಿದರೂ ಚಾಲಕ ಕೂತ ಬದಿಯ ಸ್ಪ್ರಿಂಗು ಅವನ ತೂಕಕ್ಕೆ ತಕ್ಕಷ್ಟೇ ಕುಗ್ಗುತ್ತದೆ, ಕುಗ್ಗಿದಾಗ ಚಕ್ರ ಕೂದಲೆಳೆಯಷ್ಟು ತಿರುಗುತ್ತದೆ. ಖಾಲಿ ಕಾರನ್ನು ಎಷ್ಟು ಚೆನ್ನಾಗಿ ನೇರ ಮಾಡಿದರೂ ಚಾಲಕ ಕೂತ ಕ್ಷಣ ಅದು ನೇರ ಇರುವುದಿಲ್ಲ. ಅಕ್ಕ ಚಾಲಕರ ಸಭೆಗೆ, ಟ್ರ್ಯಾಕ್ ನೋಡಲಿಕ್ಕೆ ಅಂತ ಓಡಾಡುತ್ತಿರುತ್ತಾಳೆ. ಅಮ್ಮನೂ ಅಕ್ಕನೂ ತೂಕದಲ್ಲಿ ಅರ್ಧ ಕಿಲೋ ಆಚೀಚೆ. ಅದಕ್ಕೇ ಅಮ್ಮ ಕೂರುತ್ತಾಳೆ. ಓಟದ ವಾರ ಅವಳು ಸಿಹಿ ಮುಟ್ಟುವ ಹಾಗಿಲ್ಲ, ನನ್ನ ಕಟ್ಟಪ್ಪಣೆ.

ಡಾಕ್ಟರ ಕಾರಿನ ದಾರ ನೋಡಿದೆ. ಮುಂದಿನ ಬಲಚಕ್ರ ಎರಡು ಮಿಲಿಮೀಟರ್ ಹೊರಕ್ಕೆ ನೋಡುತ್ತಿತ್ತು. ಹಸಿರು ಗೆರೆಯಂತೆ! ಈ ಕಾರಿನಲ್ಲಿ ಇಡೀ ವರ್ಷ ಓಡಿಸಿ ಎರಡನೇ ಜಾಗಕ್ಕೆ ಬರುತ್ತಿದ್ದಾರೆ ಅಂದರೆ ಡಾಕ್ಟರಿಗೆ ಓಡಿಸಲಿಕ್ಕಂತೂ ಬರುತ್ತದೆ, ಆ ಮಾತು ನುಂಗಲಾರದೆ ನುಂಗಿದೆ. ಚಕ್ರವನ್ನು ಅತ್ತಿತ್ತ ತಿರುಗಿಸುವ ಟೈ ರಾಡಿನ ನಟ್ಟು ಸಡಿಲಿಸಿ ಕಾಲು ಸುತ್ತು ತಿರುಗಿಸಿದೆ, ಮತ್ತೆ ಅಳೆದೆ, ಬಿಗಿದೆ. ಇಪ್ಪತ್ತೈದು ನಿಮಿಷಕ್ಕೆ ಮುಗಿಯಿತು.

ಆಗ ಅಕ್ಕ ಬಂದಳು. "ನಮ್ಮ ಕಾರು ಹಾಗೇ ಇದೆಯಾ? ನನ್ನ ತೂಕಕ್ಕೆ ಕೂರಿಸಿದ್ದು?"

"ಹಾಗೇ ಇದೆ," ಅಂದು ನಕ್ಕೆ. "ತೊಂಬತ್ತೈದು ಕಿಲೋ ಅದರಲ್ಲಿ ಕೂತರೆ ಚಕ್ರ ಎತ್ತೆತ್ತಲೋ ತಿರುಗುತ್ತೆ. ಡಾಕ್ಟ್ರು ಮೊದಲ ತಿರುವಲ್ಲೇ ಹುಲ್ಲಿಗೆ ಹೋಗ್ತಾರೆ. ಮೇಯ್ಲಿ."

ಅಕ್ಕ ನಗಲಿಲ್ಲ. "ಹುಲ್ಲಿಗೆ ಹೋದ್ರೆ ಏನಂತಾರೆ? ಕೊಡೋ ಮುಂಚೆ ಕೆಡಿಸಿ ಕೊಟ್ಟ ಅಂತಾರೆ."

"ಅನ್ಲಿ ಬಿಡು."

"ಅಕಸ್ಮಾತ್ ಮುಂದೆ ಹೋದ್ರೆ?"

"ನೋಡಿದ್ರಾ ಕಳ್ಳ ಎಂಜಿನ್ನು ಅಂತಾರೆ."

"ಹಂಗಾದ್ರೆ ನೀನು ಯಾವುದರಲ್ಲಿ ಗೆಲ್ತೀಯ, ಹೇಳು ನೋಡೋಣ."

ನಾನು ದಾರ ಸುತ್ತತೊಡಗಿದೆ. ಕಾರೊಳಗಿಂದ ಅಮ್ಮನ ದನಿ ಹೆಲ್ಮೆಟ್ಟು ದಾಟಿ ಬಂತು. "ಅಲ್ವೋ, ಆ ಯಪ್ಪನ್ನೂ ನನ್ನ ಹಾಗೇ ಕೂರಿಸಿ ಅಳೆದು ಕೊಡೋಕೆ ನಿನಗೇನು ಕೈ ನೋವಾ?"

"ನನ್ನ ವಿದ್ಯೆ ಅವರಿಗೆ ಧಾರೆ ಎರೀಲಾ?"

"ಹಾಗಾದ್ರೆ ನಿನ್ನ ಕಾರನ್ನ ಹುಲ್ಲಲ್ಲಿ ನೋಡು."

ಆ ಮಾತು ತಾಗಿತು. ಡಾಕ್ಟರು ಹುಲ್ಲಿಗೆ ಹೋಗಲಿ, ಗುಂಡಿಗೆ ಹೋಗಲಿ, ನನಗೇನು? ಆದರೆ ಹನ್ನೊಂದನೇ ನಂಬರು ಬಾಗಿಲ ಮೇಲೆ ಬರೆದುಕೊಂಡು ಆ ಕಾರು ಎಲ್ಲರೆದುರು ಎಡವಿ ಬೀಳುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ದಾರ, ಗೂಟ, ಸ್ಕೇಲು ಎತ್ತಿಕೊಂಡು ಹೊರಟೆ.

ಡಿಪ್ಲೊಮಾ ದಾರಿಗೆ ಅಡ್ಡ ನಿಂತ. "ಏನು ಬೇಕು?"

"ನಿಮ್ಮ ಡಾಕ್ಟ್ರನ್ನ ಕಾರಲ್ಲಿ ಕೂರಿಸಬೇಕು. ಇದು ನಮ್ಮಕ್ಕನ ತೂಕಕ್ಕೆ ಕೂರಿಸಿದ ಕಾರು. ಅವರು ಇದನ್ನ ಹೀಗೇ ಓಡಿಸಿದ್ರೆ ಅವರಿಗೂ ಅವಮಾನ, ಕಾರಿಗೂ ಅವಮಾನ."

"ಇದೇನು ಹೊಸ ನಾಟಕ?" ಅಂದರು ಡಾಕ್ಟರು.

"ತಕ್ಕಡಿ ಸಾರ್‌ನ ಕರೀರಿ, ಪಕ್ಕದಲ್ಲಿ ನಿಂತು ನೋಡ್ಲಿ. ನಾನು ಮುಟ್ಟೋದು ಒಂದು ನಟ್ಟು."

ತಕ್ಕಡಿ ಬಂದರು, ಕೈ ಕಟ್ಟಿಕೊಂಡು ನಿಂತರು. ಡಾಕ್ಟರು ಅನುಮಾನದಿಂದಲೇ ಒಳಗೆ ತೂರಿದರು. ಅವರು ಕೂತ ರಭಸಕ್ಕೆ ಕಾರು ಉಸ್ಸೆಂದಿತು. ನಾನು ದಾರ ಎಳೆದೆ. ಅವರು ಬಗ್ಗಿ ನೋಡಲು ಹೋದರು, ದಾರ ನಡುಗಿತು.

"ಅಲ್ಲಾಡಬೇಡಿ."

"ಎಷ್ಟು ಹೊತ್ತು ಹೀಗೇ..."

"ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಡಾಕ್ಟ್ರೇ. ನಿಮ್ಮ ಕುರ್ಚಿಲಿ ನಾವೆಲ್ಲ ಬಾಯಿ ತಕ್ಕೊಂಡು ಕೂರಲ್ವಾ?"

ತಕ್ಕಡಿ ಮೊದಲ ಸಲ ನಕ್ಕಿದ್ದನ್ನು ನೋಡಿದೆ. ಡಿಪ್ಲೊಮಾ ನಗಲಿಲ್ಲ. ಮೊಣಕಾಲೂರಿ ನನ್ನ ಸ್ಕೇಲನ್ನೇ ನೋಡುತ್ತಿದ್ದ. ಮೂರು ಮಿಲಿಮೀಟರ್ ವ್ಯತ್ಯಾಸ ಅವನ ಕಣ್ಣೆದುರೇ ಇತ್ತು. "ಚಾಲಕ ಕೂತ ಮೇಲೆ ಅಳೀಬೇಕಾ?" ಅಂತ ಮೆಲ್ಲಗೆ ಕೇಳಿದ.

"ಓಡೋವಾಗ ಯಾರಾದ್ರೂ ಕೂತಿರ್ತಾರಲ್ಲ," ಅಂದೆ.

ನಟ್ಟು ಬಿಗಿದು, ಗಾಳಿ ಅವರ ತೂಕಕ್ಕೆ ತಕ್ಕಂತೆ ಹಿಡಿದು, ಬಾಗಿಲಿಗೊಂದು ಏಟು ಕೊಟ್ಟು ಹೊರಟು ಬಂದೆ. ಒಂಬತ್ತು ವರ್ಷದ ಕಲಿಕೆಯನ್ನು ಹತ್ತು ನಿಮಿಷದಲ್ಲಿ ಬಿಟ್ಟಿ ಕೊಟ್ಟು ಬಂದಿದ್ದೆ.

ಮಧ್ಯಾಹ್ನದ ಓಟಕ್ಕೆ ಬೆಳಗಿನ ಮೊದಲ ಆರು ಜನರನ್ನು ತಲೆಕೆಳಗಾಗಿ ನಿಲ್ಲಿಸುತ್ತಾರೆ. ಅಕ್ಕ ಆರನೆಯವಳು, ಡಾಕ್ಟರು ಐದನೆಯವರು. ಹನ್ನೆರಡು ಸುತ್ತು. ದೀಪ ಆರಿದ ಕೂಡಲೇ ಇಪ್ಪತ್ತೆರಡು ಪುಟ್ಟ ಕಾರುಗಳು ಕೊಡದಿಂದ ಚೆಲ್ಲಿದ ಗೋಲಿಗಳ ಹಾಗೆ ಉರುಳಿದವು. ಮೊದಲ ತಿರುವಿನಲ್ಲಿ ಡಾಕ್ಟರು ಒಬ್ಬನನ್ನು ಹಿಂದೆ ಹಾಕಿದರು, ಅಕ್ಕ ಅದೇ ಸಂದಿನಲ್ಲಿ ತೂರಿದಳು. ಮೂರನೇ ಸುತ್ತಿಗೆ ಇನ್ನೊಬ್ಬ. ಐದಕ್ಕೆ ಮತ್ತೊಬ್ಬ. ನಮ್ಮ ಕಾರು ಮುಂದೆ, ಅವರ ಕಾರಿನಲ್ಲಿ ಅಕ್ಕ ಹಿಂದೆ, ಜೋಡಿಸಿದ ರೈಲು ಡಬ್ಬಿಗಳ ಹಾಗೆ. ಎಂಟನೇ ಸುತ್ತಿಗೆ ಇಬ್ಬರ ಮುಂದೆಯೂ ಯಾರೂ ಇರಲಿಲ್ಲ.

ನಾನು ಬೇಲಿ ಹಿಡಿದು ಕೂಗುತ್ತಿದ್ದೆ. ಯಾರಿಗೆ ಅಂತ ನನಗೇ ತಿಳಿಯದು. ನಮ್ಮ ಕಾರು ಉದ್ದ ತಿರುವಿನಲ್ಲಿ ಗೆರೆ ಎಳೆದ ಹಾಗೆ ಹೋದರೆ ನನ್ನ ಎದೆ ಉಬ್ಬುತ್ತಿತ್ತು, ಮರುಕ್ಷಣ ಅಕ್ಕ ಅದರ ಬಾಲ ಹಿಡಿದರೆ ಇನ್ನಷ್ಟು. ಎರಡೂ ನನ್ನ ಕೈಯಿಂದ ಹೋದ ಕಾರುಗಳು. ಫಲಕದ ಮೇಲೆ ಸುತ್ತಿನ ಹೊತ್ತು ಬೀಳುತ್ತಿತ್ತು. ಇಬ್ಬರದೂ ಹತ್ತನೇ ಒಂದು ಸೆಕೆಂಡಿನೊಳಗೆ. ಡಾಕ್ಟರು ಈ ಟ್ರ್ಯಾಕಿನಲ್ಲಿ ಅಷ್ಟು ಜೋರಾಗಿ ಎಂದೂ ಓಡಿಸಿರಲಿಲ್ಲ.

ಕೊನೆಯ ತಿರುವಿನಲ್ಲಿ ಅಕ್ಕ ಒಳಬದಿಗೆ ಮೂಗು ತೂರಿಸಿದಳು. ಇಬ್ಬರೂ ಪಕ್ಕಪಕ್ಕ ಬಂದರು. ಒಂದು ಸಣ್ಣ ಏಟು ಕೊಟ್ಟಿದ್ದರೆ ಡಾಕ್ಟರು ಹೊರಗೆ ಹೋಗುತ್ತಿದ್ದರು, ಅವಳು ಕೊಡಲಿಲ್ಲ. ಅರ್ಧ ಬಾನೆಟ್ಟಿನಷ್ಟು ಅಂತರದಲ್ಲಿ ಗೆದ್ದವರು ಡಾಕ್ಟರು.

ನಮ್ಮ ಕಾರಿನಲ್ಲಿ.

ತಪಾಸಣೆ ಶೆಡ್ಡಿನಲ್ಲಿ ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ ಡಿಪ್ಲೊಮಾನ ಬೆನ್ನು ತಟ್ಟುತ್ತಿದ್ದರು. ತಕ್ಕಡಿ ಅವರ ಮುಂದೆ ಒಂದು ಹಾಳೆ ಹಿಡಿದರು. "ನಿಮ್ಮ ದೂರು ಇನ್ನೂ ಇಲ್ಲೇ ಇದೆ ಡಾಕ್ಟ್ರೇ. ಬಿಚ್ಚಿಸೋಣವಾ? ತಪ್ಪು ಸಿಕ್ರೆ ಈ ಕಾರಿನ ಇವತ್ತಿನ ಎರಡೂ ಓಟ ರದ್ದು. ಬೆಳಗ್ಗಿಂದು ಅವರದು. ಈಗಿಂದು ನಿಮ್ಮದು."

ಡಾಕ್ಟರ ಮುಖದಲ್ಲಿ ಲೆಕ್ಕ ಓಡುವುದು ಕಾಣುತ್ತಿತ್ತು. ಕಾರು ಕಳ್ಳ ಅಂದರೆ ತಮ್ಮ ಗೆಲುವೂ ಕಳ್ಳತನದ್ದು. ಕೊನೆಗೆ ಒಂದು ನಗೆ ನಕ್ಕರು. "ಹೋಗ್ಲಿ ಬಿಡಿ. ಬಡವರ ಮಕ್ಕಳು. ದೊಡ್ಡ ಮನಸ್ಸು ಮಾಡಿ ಹಿಂದಕ್ಕೆ ತಗೊಳ್ತೀನಿ."

ಅಲ್ಲಿಗೆ ಎಲ್ಲ ಮುಗಿದಿತ್ತು. ಬೆಳಗಿನ ಗೆಲುವು ಉಳಿದಿತ್ತು, ಮೂರು ಅಂಕ ಮುಂದೆ ನಿಂತು ಅಕ್ಕ ವರ್ಷದ ಪಟ್ಟ ಗೆದ್ದಿದ್ದಳು. ಸುಮ್ಮನೆ ಕೈ ಮುಗಿದು ಬರಬಹುದಿತ್ತು. ಆದರೆ ಆ ದೊಡ್ಡ ಮನಸ್ಸು ಅನ್ನುವ ಮಾತು ಇದೆಯಲ್ಲ, ಅದು ಹಲ್ಲಿನ ಸಂದಿಗೆ ಸಿಕ್ಕ ಮೂಳೆಯ ಚೂರಿನ ಹಾಗೆ ಚುಚ್ಚಿತು. ಕ್ಷಮಿಸಿದರಂತೆ. ಮಾಡದ ತಪ್ಪಿಗೆ!

"ಬಿಚ್ಚಿ ನೋಡಿ," ಅಂದೆ.

"ದೂರೇ ಇಲ್ವಲ್ಲಪ್ಪ ಈಗ," ಅಂದರು ತಕ್ಕಡಿ.

"ನಾನು ಕೇಳ್ತಿದ್ದೀನಿ. ಕಾರಿನವರೇ ಕೇಳಿದ್ರೆ ಬಿಚ್ಚಬಾರದು ಅಂತ ನಿಯಮ ಇದೆಯಾ?"

ಅವರು ಪುಸ್ತಕ ತಿರುವಿ ನೋಡಿದರು. "ಇಲ್ಲ. ಆದ್ರೆ ಸಿಕ್ಕಿದ್ರೆ ಶಿಕ್ಷೆ ಅದೇ."

ಅಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಎಳೆದಳು. "ನಿನಗೆ ಬುದ್ಧಿ ಇದೆಯಾ? ಆ ಎಂಜಿನ್ ಒಳಗನ್ನ ನೀನು ಯಾವತ್ತಾದ್ರೂ ನೋಡಿದ್ದೀಯಾ?"

ನೋಡಿರಲಿಲ್ಲ. ಕಾರು ಹಳೆಯದು. ನಮಗಿಂತ ಮುಂಚೆ ಅದು ಇನ್ನೊಬ್ಬನ ಹತ್ತಿರ ಮೂರು ವರ್ಷ ಓಡಿತ್ತು. ಮುದ್ರೆ ಸಮೇತ ಕೊಂಡಿದ್ದೆವು, ಮುದ್ರೆ ಸಮೇತ ಓಡಿಸಿದ್ದೆವು. ಆ ಮುಂಚಿನವನು ತಂತಿ ಬಿಡಿಸಿ ಒಳಗೆ ಏನಾದರೂ ಮಾಡಿ ಮತ್ತೆ ಸುತ್ತಿದ್ದರೆ? ನಾನು ನನ್ನ ಕೈಗೆ ಪ್ರಮಾಣ ಮಾಡಬಲ್ಲೆ, ಅವನ ಕೈಗೆ ಹೇಗೆ ಮಾಡಲಿ? ಇಷ್ಟೊತ್ತು ಆ ಯೋಚನೆಯೇ ಬಂದಿರಲಿಲ್ಲ. ಕೋಪ ಬಂದರೆ ನನಗೆ ಬೇರೇನೂ ಕಾಣುವುದಿಲ್ಲ.

"ಇವತ್ತಿಂದಷ್ಟೇ ಅಲ್ಲ, ನನ್ನ ಇಡೀ ವರ್ಷದ ಗೆಲುವು ಅದರೊಳಗಿದೆ ಕಣೋ," ಅಂದಳು ಅಕ್ಕ.

"ಬೇಡ ಅಂದ್ರೆ ಬೇಡ. ಹೋಗಿ ಬೇಡ ಅಂತ ಹೇಳ್ತೀನಿ."

ಅವಳು ನನ್ನನ್ನು ನೋಡಿದಳು. ಬೆಳಗಿನ ನಾಲ್ಕಕ್ಕೆ ಏಳುವವರ ಕಣ್ಣು ಅವಳದು, ಯಾವಾಗಲೂ ಅರ್ಧ ಕೆಂಪು. "ಈಗ ಬೇಡ ಅಂದ್ರೆ ನಾಳೆಯಿಂದ ನನಗೇ ನಿದ್ದೆ ಬರಲ್ಲ. ನಾನು ಗೆದ್ದಿದ್ದು ನಾನೇನಾ ಅಂತ." ಶೆಡ್ಡಿಗೆ ತಾನೇ ಮೊದಲು ನಡೆದಳು. "ಬಿಚ್ಚಿ ಸಾರ್."

ಈಗ ಬೆವರುವ ಸರದಿ ಡಾಕ್ಟರದೂ ಆಯಿತು. ಅವರ ಗೆಲುವೂ ಅದೇ ಎಂಜಿನ್ನಿನೊಳಗಿತ್ತು. ಸುದ್ದಿ ಹಬ್ಬಿ ಉಳಿದ ಇಪ್ಪತ್ತು ತಂಡದವರೂ ಬಾಗಿಲಲ್ಲಿ ಮುಕುರಿದರು. ತಕ್ಕಡಿ ತಂತಿ ಕತ್ತರಿಸಿದರು. ಎಂಜಿನ್ನಿನ ಮೇಲ್ಮುಚ್ಚಳಕ್ಕೆ ಹೆಡ್ಡು ಅನ್ನುತ್ತೇವೆ, ಅದರ ಬೋಲ್ಟುಗಳನ್ನು ನಾನೇ ಸಡಿಲಿಸಿದೆ, ಹೊರಗಿನಿಂದ ಒಳಕ್ಕೆ, ಒಂದೊಂದಾಗಿ. ಹೆಡ್ಡು ಎತ್ತಿದಾಗ ಒಳಗೆ ನಾಲ್ಕು ಪಿಸ್ಟನ್ನು ಮಸಿ ಹಿಡಿದು ಕೂತಿದ್ದವು. ಅವುಗಳನ್ನು ಮೊದಲ ಸಲ ನೋಡುತ್ತಿದ್ದೆ.

ತಕ್ಕಡಿ ಅಳತೆಯ ಗೇಜು ತೆಗೆದರು.

"ಡಾಕ್ಟ್ರು ಓದ್ಲಿ," ಅಂದೆ. "ಓದಿದವರು ಅವರೇ ಅಲ್ವಾ."

ಡಾಕ್ಟರು ಬೇಡ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡು ಗೇಜಿನ ಮೇಲೆ ಬಗ್ಗಿದರು. ಹಲ್ಲು ನೋಡುವವರಲ್ಲವೇ, ಸಣ್ಣದನ್ನು ನೋಡುವ ಅಭ್ಯಾಸವಿತ್ತು. ಮೊದಲ ಸಿಲಿಂಡರಿನ ಅಗಲ ಓದಿದರು. ಸರಿ. ಎರಡನೆಯದು, ಸರಿ. ಮೂರು, ನಾಲ್ಕು. ಹೆಡ್ಡಿನ ದಪ್ಪ, ಸರಿ. ವಾಲ್ವುಗಳು ಸರಿ. ಕೊನೆಗೆ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಉಳಿಯಿತು. ಕಳ್ಳತನ ಮಾಡುವವರು ಮಾಡುವುದೇ ಅಲ್ಲಿ. ಡಾಕ್ಟರು ಗೇಜು ಹಿಡಿದು ನೋಡಿದರು, ಎಣ್ಣೆ ಒರೆಸಿ ಮತ್ತೆ ನೋಡಿದರು. ಅಮ್ಮ ನನ್ನ ಬೆನ್ನ ಹಿಂದಿನಿಂದ ಕತ್ತು ಚಾಚಿದಳು.

"ಪುಸ್ತಕದಲ್ಲಿ ಇದ್ದ ಹಾಗೇ ಇದೆ," ಅಂದರು.

"ಜೋರಾಗಿ," ಅಂದಳು ಅಕ್ಕ.

"ಪುಸ್ತಕದಲ್ಲಿ ಇದ್ದ ಹಾಗೇ ಇದೆ! ಎಂಜಿನ್ನಲ್ಲಿ ಏನೂ ಇಲ್ಲ." ಗೇಜನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು. "ಬೆಳಗ್ಗೆ ಅಂದ ಮಾತು ತಪ್ಪು. ಇಷ್ಟು ಜನರ ಮುಂದೆ ಅಂದಿದ್ದೆ, ಇಷ್ಟು ಜನರ ಮುಂದೆನೇ ಹೇಳ್ತಿದ್ದೀನಿ."

ನನಗೆ ಆಗ ಬಯ್ಯಲಿಕ್ಕೆ ಬೇಕಾದಷ್ಟು ಮಾತು ತಯಾರಿತ್ತು. ತಲೆಯಾಡಿಸಿ ಬೋಲ್ಟುಗಳನ್ನು ಹೆಕ್ಕತೊಡಗಿದೆ.

ಬಿಚ್ಚಿದ ಎಂಜಿನ್ನನ್ನು ಜೋಡಿಸದೆ ಕಾರು ಮನೆಗೆ ಬರುವುದಿಲ್ಲ. ಎಲ್ಲರೂ ಬಹುಮಾನದ ವೇದಿಕೆ ಕಡೆ ಹೋದರು, ನಾನು ಹೊಸ ಗ್ಯಾಸ್ಕೆಟ್ಟು ಕೂರಿಸಿ ಹೆಡ್ಡು ಇಳಿಸುತ್ತಿದ್ದೆ. ಧ್ವನಿವರ್ಧಕದಲ್ಲಿ ಅಕ್ಕನ ಹೆಸರು ಕೂಗಿದ್ದು, ಚಪ್ಪಾಳೆ ಎದ್ದಿದ್ದು, ನಿರೂಪಕ ಏನೋ ಕೇಳಿದ್ದು ಎಲ್ಲ ಶೆಡ್ಡಿನ ತಗಡಿಗೆ ಬಡಿದು ಬಂತು. ನಿಮ್ಮ ತಂಡದ ಎಂಜಿನಿಯರ್ ಎಲ್ಲಿ, ವೇದಿಕೆಗೆ ಬರಲಿ ಅಂತಿದ್ದ.

"ಬರಲ್ಲ," ಅಂದಳು ಅಕ್ಕ ಮೈಕಿನಲ್ಲಿ. "ಕೆಲಸ ಅರ್ಧಕ್ಕೆ ಬಿಟ್ಟು ಬರೋನಲ್ಲ ನನ್ನ ತಮ್ಮ. ನೋಡಬೇಕು ಅಂತಿದ್ರೆ ನೀವೇ ಶೆಡ್ಡಿಗೆ ಹೋಗಿ."

ಜನ ನಗುವುದು ಕೇಳಿಸಿತು. ಆಮೇಲೆ ಜಲ್ಲಿಯ ಮೇಲೆ ಬಹಳಷ್ಟು ಹೆಜ್ಜೆಗಳು ಈ ಕಡೆಗೇ ಬರುವ ಸದ್ದು. ನಾನು ತಲೆ ಎತ್ತಲಿಲ್ಲ. ನಡುವಿನ ಬೋಲ್ಟಿಗೆ ಸ್ಪ್ಯಾನರ್ ಕೂರಿಸಿ, ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿದೆ.